40ರಲ್ಲಿ ಹೋಗಿ 60ರಲ್ಲಿ ಬಂದರೆ ಸರಾಸರಿ 50 ಯಾಕೆ ಬರುವುದಿಲ್ಲ?

ಕಿಟಕಿಬೆಂಚು

ಎಲ್ಲರಿಗೂ ನಮಸ್ಕಾರ. ನಮಗೆ ಚಲನೆಯ ಪಾಠ ಈಗಷ್ಟೇ ಶುರುವಾಗಿದೆ. ಒಂದು ಲೆಕ್ಕ ಹೀಗಿದೆ. ಕಾರೊಂದು 120 ಕಿ.ಮೀ. ದೂರದ ಊರಿಗೆ ಗಂಟೆಗೆ 40 ಕಿ.ಮೀ. ಜವದಲ್ಲಿ ಹೋಗುತ್ತದೆ. ಅದೇ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಜವದಲ್ಲಿ ವಾಪಸ್ ಬರುತ್ತದೆ. ಸರಾಸರಿ ಜವ ಎಷ್ಟು, ಸರಾಸರಿ ವೇಗ ಎಷ್ಟು? (ಜವಕ್ಕೆ ದಿಕ್ಕು ಇಲ್ಲ, ವೇಗಕ್ಕೆ ದಿಕ್ಕೂ ಸೇರಿದೆ, ಅಷ್ಟು ಗೊತ್ತು.)

ಉತ್ತರ 48 ಮತ್ತು ಸೊನ್ನೆ ಅಂತ ಕೊಟ್ಟಿದ್ದಾರೆ. 40 ಮತ್ತು 60ರ ಸರಾಸರಿ 50 ಅಲ್ವಾ? ಇನ್ನು ಅಷ್ಟು ಹೊತ್ತು ಕಾರು ಓಡಿದ ಮೇಲೂ ವೇಗ ಸೊನ್ನೆ ಅಂದರೆ ಏನರ್ಥ? ಸೂತ್ರ ನನ್ನ ಹತ್ತಿರ ಇದೆ. ಯಾಕೆ ಹೀಗೆ ಅನ್ನುವುದು ಬೇಕು.

ಲೆಕ್ಕದಕ್ಕ

ಮೊದಲು ಸಮಯ ನೋಡು. ಹೋಗುವುದಕ್ಕೆ 3 ಗಂಟೆ, ಬರುವುದಕ್ಕೆ 2 ಗಂಟೆ. ಕಾರು 40ರಲ್ಲಿ ಜಾಸ್ತಿ ಹೊತ್ತು ಓಡಿದೆ, 60ರಲ್ಲಿ ಕಡಿಮೆ ಹೊತ್ತು. ಹಾಗಾಗಿ ಸರಾಸರಿ 40ರ ಕಡೆಗೆ ವಾಲುತ್ತದೆ. ಒಟ್ಟು 240 ಕಿ.ಮೀ., ಒಟ್ಟು 5 ಗಂಟೆ. ಭಾಗಿಸಿದರೆ 48.

ತರಗತಿಯ ಅಂಕಗಳಲ್ಲೂ ಹೀಗೇ ಆಗುತ್ತದೆ. ಒಂದು ಸೆಕ್ಷನ್‌ನಲ್ಲಿ 30 ಮಕ್ಕಳು, ಅವರ ಸರಾಸರಿ 40. ಇನ್ನೊಂದರಲ್ಲಿ 20 ಮಕ್ಕಳು, ಅವರ ಸರಾಸರಿ 60. ಎಲ್ಲರನ್ನೂ ಸೇರಿಸಿದರೆ 2400 ಅಂಕ, 50 ಮಕ್ಕಳು, ಸರಾಸರಿ 48. ಇಲ್ಲಿ 50 ಅಂತ ಯಾರೂ ಹೇಳುವುದಿಲ್ಲ, ಯಾಕಂದರೆ ಯಾವ ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಕಣ್ಣಿಗೆ ಕಾಣುತ್ತದೆ. ಕಾರಿನ ಲೆಕ್ಕದಲ್ಲಿ ಮಕ್ಕಳ ಜಾಗದಲ್ಲಿರುವುದು ಗಂಟೆಗಳು. ಅವನ್ನು ಲೆಕ್ಕದಲ್ಲಿ ಬರೆದಿಲ್ಲ, ನಾವೇ ಹುಡುಕಿಕೊಳ್ಳಬೇಕು.

ರಾತ್ರಿಓದು

ಇದಕ್ಕೆ ಸುಲಭದ ದಾರಿ ಇದೆ. ಎರಡು ಜವಗಳನ್ನು ಗುಣಿಸಿ, ಎರಡರಿಂದ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿ. 2 × 40 × 60 ÷ 100 = 48. ದೂರ ಎಷ್ಟು ಅಂತಲೂ ಬೇಕಾಗಿಲ್ಲ. ಪರೀಕ್ಷೆಯಲ್ಲಿ ಸಮಯ ಉಳಿಯುತ್ತದೆ.

ಭೌತಮೇಷ್ಟ್ರು

ರಾತ್ರಿಓದು ಕೊಟ್ಟ ಸೂತ್ರ ಸರಿ. ಆದರೆ ಅದು ಎರಡು ಭಾಗಗಳ ದೂರ ಸಮ ಇದ್ದಾಗ ಮಾತ್ರ ನಡೆಯುತ್ತದೆ. ಹೊಸದಾಗಿ ಕಲಿಯುವವರು ಇದನ್ನು ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. ಕಾರಣ ಹೇಳುತ್ತೇನೆ.

ಲೆಕ್ಕ ಕೊಡುವವರು ಒಂದೇ ಒಂದು ಮಾತು ಬದಲಾಯಿಸುತ್ತಾರೆ. "ಅರ್ಧ ದಾರಿ 40ರಲ್ಲಿ, ಉಳಿದ ಅರ್ಧ ದಾರಿ 60ರಲ್ಲಿ" ಅಂದರೆ ಉತ್ತರ 48. "ಅರ್ಧ ಸಮಯ 40ರಲ್ಲಿ, ಉಳಿದ ಅರ್ಧ ಸಮಯ 60ರಲ್ಲಿ" ಅಂದರೆ ಉತ್ತರ 50. ಸೂತ್ರ ಹಿಡಿದು ಹೋದವರು ಎರಡಕ್ಕೂ 48 ಬರೆಯುತ್ತಾರೆ. ಮೂರು ಭಾಗ ಬಂದರೆ ಅಲ್ಲೇ ನಿಂತುಬಿಡುತ್ತಾರೆ.

ಒಂದು ಉದಾಹರಣೆ ನೋಡಿ. ದಾರಿಯ ಮೂರು ಸಮಭಾಗಗಳನ್ನು ಗಂಟೆಗೆ 20, 30, 60 ಕಿ.ಮೀ. ಜವದಲ್ಲಿ ದಾಟಿದರೆ ಸರಾಸರಿ ಜವ ಎಷ್ಟು? ದೂರ ಕೊಟ್ಟಿಲ್ಲ ಅಂತ ಗಾಬರಿ ಬೇಡ. ನಿಮಗೆ ಅನುಕೂಲವಾದ ದೂರ ಇಟ್ಟುಕೊಳ್ಳಿ. ಒಂದೊಂದು ಭಾಗ 60 ಕಿ.ಮೀ. ಅಂದುಕೊಂಡರೆ ಸಮಯ 3, 2, 1 ಗಂಟೆ. ಒಟ್ಟು 180 ಕಿ.ಮೀ., 6 ಗಂಟೆ, ಸರಾಸರಿ 30. ಮೂರು ಸಂಖ್ಯೆಗಳನ್ನು ಸುಮ್ನೆ ಕೂಡಿ ಮೂರರಿಂದ ಭಾಗಿಸಿದ್ದರೆ 36.7 ಬರುತ್ತಿತ್ತು. ಎಷ್ಟು ವ್ಯತ್ಯಾಸ ನೋಡಿ.

ಒಟ್ಟು ದೂರ, ಒಟ್ಟು ಸಮಯ. ಈ ಎರಡನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡು ಆಮೇಲೆ ಭಾಗಿಸಿ. ಯಾವ ಲೆಕ್ಕ ಬಂದರೂ ಇದು ಕೈ ಬಿಡುವುದಿಲ್ಲ.

ಕಿಟಕಿಬೆಂಚು

ಅಕ್ಕಾ, ಅಂಕಗಳ ಉದಾಹರಣೆಯಿಂದ ಪಟ್ಟನೆ ಹೊಳೆಯಿತು. ಮೇಷ್ಟ್ರೇ, ಒಂದು ಪ್ರಶ್ನೆ. ನಡುವೆ ಕಾರು ಅರ್ಧ ಗಂಟೆ ನಿಂತಿದ್ದರೆ ಆ ಸಮಯವನ್ನೂ ಸೇರಿಸಬೇಕಾ? ಆಗ ಅದು ಓಡುತ್ತಲೇ ಇರಲಿಲ್ಲ ಅಲ್ವಾ?

ಭೌತಮೇಷ್ಟ್ರು

ಸೇರಿಸಬೇಕು. ಹೊರಟಾಗ ಶುರುವಾದ ಗಡಿಯಾರ ತಲುಪಿದಾಗಲೇ ನಿಲ್ಲುವುದು. ನಿಂತಿದ್ದಾಗ ಜವ ಸೊನ್ನೆ, ಆದರೆ ಆ ಅರ್ಧ ಗಂಟೆ ಲೆಕ್ಕದಲ್ಲಿ ಇದ್ದೇ ಇದೆ. ನಿನ್ನ ಕಾರಿಗೆ ಆಗ 240 ÷ 5.5, ಅಂದರೆ ಸುಮಾರು 43.6 ಬರುತ್ತದೆ. "ಓಡುತ್ತಿದ್ದ ಸಮಯದ ಸರಾಸರಿ" ಅಂತ ಲೆಕ್ಕದಲ್ಲೇ ಕೇಳಿದ್ದರೆ ಮಾತ್ರ ನಿಂತ ಸಮಯ ಬಿಡು.

ಓಟದಹಾದಿ

ನಾನು ಓಟದ ತರಬೇತಿ ಕೊಡುವವನು. ಇದು ನಿಜವಾದ ಓಟದಲ್ಲಿ ಹೇಗೆ ಕಾಣುತ್ತದೆ ಅಂತ ತೋರಿಸುವ ಆಸೆ.

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಆ ಓಟವನ್ನು 20 ಮೀಟರಿನ ಐದು ತುಂಡುಗಳಾಗಿ ಅಳೆದಿದ್ದಾರೆ. ತುಂಡುಗಳಿಗೆ ಹಿಡಿದ ಸಮಯ 2.89, 1.75, 1.67, 1.61 ಮತ್ತು 1.66 ಸೆಕೆಂಡ್. ಪ್ರತಿ ತುಂಡಿನ ಸರಾಸರಿ ಜವ ತೆಗೆದರೆ ಸೆಕೆಂಡಿಗೆ 6.92, 11.43, 11.98, 12.42, 12.05 ಮೀಟರ್.

ಈ ಐದನ್ನು ಕೂಡಿ ಐದರಿಂದ ಭಾಗಿಸಿದರೆ 10.96 ಬರುತ್ತದೆ. ಆ ಜವದಲ್ಲಿ 100 ಮೀಟರ್ ಓಡಿದರೆ 9.12 ಸೆಕೆಂಡ್ ಆಗುತ್ತದೆ. ಅಷ್ಟು ಬೇಗ ಇದುವರೆಗೆ ಯಾರೂ ಓಡಿಲ್ಲ. 100ನ್ನು 9.58ರಿಂದ ಭಾಗಿಸಿದರೆ ಬರುವ 10.44 ಸರಿಯಾದ ಉತ್ತರ. ಮೊದಲ ತುಂಡು ನಿಧಾನ, ಅದಕ್ಕೇ ಅಲ್ಲಿ ಹೆಚ್ಚು ಸಮಯ ಹೋಗಿದೆ. ಆ ಸಮಯಕ್ಕೆ ತಕ್ಕ ತೂಕ ಕೊಡದೆ ಹೋದರೆ ಓಟಗಾರ ಓಡದ ಓಟ ಕಾಗದದ ಮೇಲೆ ಬಂದುಬಿಡುತ್ತದೆ.

ಆ ಮೊದಲ 2.89 ಸೆಕೆಂಡಿನ ಒಳಗೆ ಪಿಸ್ತೂಲಿನ ಸದ್ದಿಗೆ ಮೈ ಅಲುಗುವವರೆಗಿನ 0.146 ಸೆಕೆಂಡ್ ಕೂಡ ಸೇರಿದೆ. ಕಾರು ಅರ್ಧ ಗಂಟೆ ನಿಂತಿತ್ತಲ್ಲ, ಅದೇ ವಿಷಯ.

ಲೆಕ್ಕದಕ್ಕ

ಎಷ್ಟು ಒಳ್ಳೆಯ ಉದಾಹರಣೆ! ಈ ಐದು ಅಂಕಿಗಳನ್ನು ನನ್ನ ವಿದ್ಯಾರ್ಥಿಗಳಿಗೂ ಕೊಡುತ್ತೇನೆ.

ರಾತ್ರಿಓದು

ಸರಿ, ಒಪ್ಪಿದೆ. ಆದರೆ ಮೊದಲ ವೇಗ ಮತ್ತು ಕೊನೆಯ ವೇಗ ಕೂಡಿ ಎರಡರಿಂದ ಭಾಗಿಸುವ ಸೂತ್ರ ಇದೇ ಪಾಠದಲ್ಲಿ ಮುಂದೆ ಬರುತ್ತದಲ್ಲ? ಹಾಗೆ ಮಾಡಬಾರದು ಅಂದಮೇಲೆ ಅದನ್ನು ಯಾಕೆ ಕೊಟ್ಟಿದ್ದಾರೆ?

ಗ್ರಾಫ್‌ಪ್ರಿಯ

ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಬದಲಾಗದೆ ಇದ್ದಾಗ ಆ ಸೂತ್ರ ಸರಿ. ಗ್ರಾಫ್ ಬರೆದು ನೋಡಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ. ನಿಂತಲ್ಲಿಂದ ಹೊರಟು 10 ಸೆಕೆಂಡಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗ ಮುಟ್ಟಿದರೆ ನೇರವಾದ ಓರೆ ಗೆರೆ ಬರುತ್ತದೆ. ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ 100. ಅದೇ ಸಾಗಿದ ಮೀಟರುಗಳು. 100 ÷ 10 = 10, ಅಂದರೆ ಸೊನ್ನೆ ಮತ್ತು 20ರ ಸರಿ ನಡು.

ವೇಗ ಒಂದೇ ಸಮನೆ ಏರುವುದರಿಂದ ಅದು 10ಕ್ಕಿಂತ ಕೆಳಗೆ ಎಷ್ಟು ಹೊತ್ತು ಇರುತ್ತದೋ ಮೇಲೆಯೂ ಅಷ್ಟೇ ಹೊತ್ತು ಇರುತ್ತದೆ. ಸಮಯ ಸರಿಸಮ ಹಂಚಿಹೋಗಿದೆ. ಹಾಗಾಗಿ ಮೇಷ್ಟ್ರು ಹೇಳಿದ "ಅರ್ಧ ಸಮಯ, ಅರ್ಧ ಸಮಯ" ಲೆಕ್ಕದ ಅಣ್ಣ ಇದು. ಗೆರೆ ಡೊಂಕಾಗಿದ್ದರೆ ಈ ಸೂತ್ರ ಬಿದ್ದುಹೋಗುತ್ತದೆ. ಬೋಲ್ಟ್ ಓಟದ ಗೆರೆ ಮೊದಲು ಕಡಿದಾಗಿ ಏರಿ, ಆಮೇಲೆ ಚಪ್ಪಟೆಯಾಗಿ, ಕೊನೆಗೆ ಸ್ವಲ್ಪ ಇಳಿಯುತ್ತದೆ. ಅಲ್ಲಿ ಮೊದಲ ವೇಗ ಸೊನ್ನೆ, ಕೊನೆಯ ವೇಗ ಸುಮಾರು 12 ಅಂತ ಹಿಡಿದು 6 ಅಂದರೆ ಎಲ್ಲಿಗೂ ಹೊಂದುವುದಿಲ್ಲ.

ಈ ನಿಯಮ ತುಂಬ ಹಳೆಯದು. 14ನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿದ್ವಾಂಸರು ಇದನ್ನು ಹೇಳಿದ್ದರು. ಅದೇ ಶತಮಾನದಲ್ಲಿ ಫ್ರಾನ್ಸ್‌ನ ನಿಕೋಲ್ ಒರೆಮ್ ಚಿತ್ರ ಬರೆದು ಸಾಧಿಸಿದರು. ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ, ಅಂದರೆ ಈ ನಿಯಮ ಅದಕ್ಕೂ ಎಷ್ಟೋ ಮೊದಲಿನದು. ನಾವು ಇವತ್ತು ಬರೆಯುವ ತ್ರಿಕೋನ, ಆಯತದ ಯೋಚನೆ ಆಗಲೇ ಇತ್ತು ಅನ್ನುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಕಿಟಕಿಬೆಂಚು

ಜವ ಗೊತ್ತಾಯಿತು. ಈಗ ವೇಗದ ವಿಷಯ. ಸ್ಥಾನಪಲ್ಲಟ (ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ದಿಕ್ಕು ಸಹಿತ ನೇರ ಅಳತೆ) ಸೊನ್ನೆ, ಆದ್ದರಿಂದ ಸರಾಸರಿ ವೇಗ ಸೊನ್ನೆ. ಅಷ್ಟು ಬರೆದರೆ ಅಂಕ ಸಿಗುತ್ತದೆ ಅಂತ ಗೊತ್ತು. ಆದರೆ 240 ಕಿ.ಮೀ. ಓಡಿದ ಕಾರಿನ ಬಗ್ಗೆ "ಸೊನ್ನೆ" ಅಂತ ಹೇಳುವ ಅಳತೆಯಿಂದ ಯಾರಿಗೆ ಏನು ಉಪಯೋಗ?

ಭೌತಮೇಷ್ಟ್ರು

ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಸಾಮಾನ್ಯವಾಗಿ ಇದನ್ನು ದಾಟಿಸಿ ಮುಂದೆ ಹೋಗಿಬಿಡುತ್ತೇವೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡು ಅಳತೆಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಸರಾಸರಿ ಜವ ಕೇಳುವುದು "ಎಷ್ಟು ದಾರಿ ಸವೆಯಿತು?" ಅಂತ. ಟೈರ್ ಎಷ್ಟು ಸವೆದಿದೆ, ಇಂಧನ ಎಷ್ಟು ಖರ್ಚಾಗಿದೆ ಅನ್ನುವುದಕ್ಕೆ ಅದು ಬೇಕು. ಸರಾಸರಿ ವೇಗ ಕೇಳುವುದು "ಶುರುವಿನ ಜಾಗದಿಂದ ಈಗಿನ ಜಾಗ ಎಷ್ಟು ದೂರ, ಯಾವ ದಿಕ್ಕಿಗೆ, ಎಷ್ಟು ಸಮಯದಲ್ಲಿ ಸರಿಯಿತು?" ಅಂತ. ನಡುವಿನ ಸುತ್ತಾಟ ಅದಕ್ಕೆ ಬೇಕಾಗಿಲ್ಲ.

ಈಗ ಉಪಯೋಗ ನೋಡು. ನನಗೆ ಒಂದು ವಸ್ತು ಶುರುವಿನಲ್ಲಿ ಎಲ್ಲಿತ್ತು ಅಂತ ಗೊತ್ತು. ಅದರ ಸರಾಸರಿ ವೇಗ ಗೊತ್ತು. ಎಷ್ಟು ಸಮಯ ಅಂತಲೂ ಗೊತ್ತು. ಸರಾಸರಿ ವೇಗವನ್ನು ಸಮಯದಿಂದ ಗುಣಿಸಿ ಶುರುವಿನ ಸ್ಥಾನಕ್ಕೆ ಸೇರಿಸಿದರೆ ಅದು ಈಗ ಎಲ್ಲಿದೆ ಅಂತ ಸಿಗುತ್ತದೆ, ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ. ಸರಾಸರಿ ಜವ ಗೊತ್ತಿದ್ದರೆ ಇದು ಸಾಧ್ಯವಿಲ್ಲ. 5 ಗಂಟೆ 48ರಲ್ಲಿ ಓಡಿದ ಕಾರು ಎಲ್ಲಿದೆ? 240 ಕಿ.ಮೀ. ಆಚೆ ಇರಬಹುದು, ಮನೆಯ ಬಾಗಿಲಲ್ಲೇ ಇರಬಹುದು, ನಡುವೆ ಎಲ್ಲಿ ಬೇಕಾದರೂ ಇರಬಹುದು. "ಸರಾಸರಿ ವೇಗ ಸೊನ್ನೆ" ಅಂದ ಕೂಡಲೇ ಅದು ಹೊರಟ ಜಾಗದಲ್ಲೇ ಇದೆ ಅಂತ ಒಂದೇ ಮಾತಿನಲ್ಲಿ ಗೊತ್ತಾಯಿತು. ಆ ಸೊನ್ನೆ ಖಾಲಿ ಉತ್ತರ ಅಲ್ಲ. ಅದು ಒಂದು ಸುದ್ದಿ ಕೊಡುತ್ತಿದೆ.

ಇನ್ನೂ ಒಂದು ಮಾತು. ಹೋಗುವ ದಿಕ್ಕನ್ನು ಕೂಡು ಅಂತ ಇಟ್ಟರೆ ಬರುವ ದಿಕ್ಕು ಕಳೆ. ಮೊದಲ 3 ಗಂಟೆ ವೇಗ +40, ಆಮೇಲೆ 2 ಗಂಟೆ ವೇಗ −60. ಸಮಯದ ತೂಕ ಹಾಕಿ ನೋಡು: 3 × 40 = 120, 2 × (−60) = −120. ಕೂಡಿದರೆ ಸೊನ್ನೆ. ಲೆಕ್ಕದಕ್ಕ ಹೇಳಿದ ತೂಕದ ವಿಧಾನವೇ ಇಲ್ಲೂ ನಡೆಯುತ್ತದೆ, ಬರೀ ಚಿಹ್ನೆ ಸೇರಿಕೊಂಡಿದೆ.

ರಾತ್ರಿಓದು

ಹಾಗಾದರೆ ಒಂದು ಅನುಮಾನ. ಜವ ಅಂದರೆ ವೇಗದ ಪ್ರಮಾಣ ಅಂತ ಓದಿದ್ದೇವೆ. ಅಂದಮೇಲೆ ಸರಾಸರಿ ಜವ ಅಂದರೆ ಸರಾಸರಿ ವೇಗದ ಪ್ರಮಾಣ ಆಗಬೇಕಲ್ಲ? ಇಲ್ಲಿ ಒಂದು 48, ಇನ್ನೊಂದು ಸೊನ್ನೆ. ಹೇಗೆ?

ಗ್ರಾಫ್‌ಪ್ರಿಯ

ಆ ಮಾತು ಒಂದು ಕ್ಷಣಕ್ಕೆ ಮಾತ್ರ ನಿಜ. ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಹೊತ್ತು ತೆಗೆದುಕೊಂಡರೆ ದಾರಿ ಬಾಗುವುದಕ್ಕೆ, ತಿರುಗುವುದಕ್ಕೆ ಅವಕಾಶವೇ ಇರುವುದಿಲ್ಲ. ಆಗ ದೂರವೂ ಸ್ಥಾನಪಲ್ಲಟದ ಪ್ರಮಾಣವೂ ಒಂದೇ. ಹೊತ್ತು ಉದ್ದವಾದರೆ ದಾರಿ ಬಾಗುತ್ತದೆ, ದೂರ ಮುಂದಕ್ಕೆ ಹೋಗುತ್ತದೆ, ಸ್ಥಾನಪಲ್ಲಟ ಹಿಂದೆ ಉಳಿಯುತ್ತದೆ.

7 ಮೀಟರ್ ತ್ರಿಜ್ಯದ ಅರ್ಧ ವೃತ್ತದಲ್ಲಿ 11 ಸೆಕೆಂಡ್ ನಡೆಯಿರಿ. ದಾರಿ ಸುಮಾರು 22 ಮೀಟರ್, ಸರಾಸರಿ ಜವ ಸೆಕೆಂಡಿಗೆ 2 ಮೀಟರ್. ಆದರೆ ಈ ತುದಿಯಿಂದ ಆ ತುದಿಗೆ ನೇರ ಅಳತೆ 14 ಮೀಟರ್. ಸರಾಸರಿ ವೇಗದ ಪ್ರಮಾಣ ಸೆಕೆಂಡಿಗೆ ಸುಮಾರು 1.27 ಮೀಟರ್. ಇಡೀ ಸುತ್ತು ಬಂದರೆ ಅದೂ ಸೊನ್ನೆ.

ದೊಡ್ಡ ಉದಾಹರಣೆ ಬೇಕಾದರೆ ಭೂಮಿಯನ್ನೇ ನೋಡಿ. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಜವದಲ್ಲಿ ಓಡುತ್ತಿದೆ. ಅರ್ಧ ವರ್ಷದಲ್ಲಿ ಅದು ಸೂರ್ಯನ ಆಚೆ ಬದಿಗೆ ಹೋಗಿರುತ್ತದೆ, ನೇರ ಅಳತೆ ಸುಮಾರು 30 ಕೋಟಿ ಕಿ.ಮೀ. ಆ ಅರ್ಧ ವರ್ಷದ ಸರಾಸರಿ ವೇಗ ಸೆಕೆಂಡಿಗೆ ಸುಮಾರು 19 ಕಿ.ಮೀ. ಮಾತ್ರ. ಇಡೀ ವರ್ಷಕ್ಕೆ, ಸೂರ್ಯನನ್ನು ನಿಂತಿದೆ ಅಂತ ಇಟ್ಟುಕೊಂಡರೆ, ಸೊನ್ನೆ.

ಸರಾಸರಿ ಜವ ಯಾವತ್ತೂ ಸರಾಸರಿ ವೇಗದ ಪ್ರಮಾಣಕ್ಕಿಂತ ಕಡಿಮೆ ಆಗುವುದಿಲ್ಲ. ನೇರ ಗೆರೆಯಲ್ಲಿ, ಹಿಂದಕ್ಕೆ ತಿರುಗದೆ ಹೋದಾಗ ಮಾತ್ರ ಎರಡೂ ಸಮ. ಬೋಲ್ಟ್ ಓಟ ಅಂಥದ್ದು. ಉತ್ತರ ಬರೆದ ಮೇಲೆ ಇದನ್ನೊಮ್ಮೆ ಪರೀಕ್ಷಿಸಿ. ವೇಗದ ಪ್ರಮಾಣ ಜಾಸ್ತಿ ಬಂದಿದ್ದರೆ ಎಲ್ಲೋ ತಪ್ಪಾಗಿದೆ.

ಲೆಕ್ಕದಕ್ಕ

ಇದಕ್ಕೆ ಸೇರಿಸಿ ಒಂದು ಲೆಕ್ಕ. ತುಂಬ ಮಕ್ಕಳು ಎಡವುವ ಜಾಗ ಇದು. ಚೆಂಡನ್ನು ನೇರ ಮೇಲಕ್ಕೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆಯುತ್ತೇವೆ. ಗುರುತ್ವದ ವೇಗೋತ್ಕರ್ಷ 10 ಅಂತ ಇಡಿ, ಗಾಳಿಯ ತಡೆ ಬಿಡಿ. 2 ಸೆಕೆಂಡಿನಲ್ಲಿ 20 ಮೀಟರ್ ಏರುತ್ತದೆ, ಇನ್ನೆರಡು ಸೆಕೆಂಡಿನಲ್ಲಿ ಅಷ್ಟೇ ಇಳಿದು ಕೈಗೆ ಬರುತ್ತದೆ.

ವೇಗೋತ್ಕರ್ಷ ಬದಲಾಗಿಲ್ಲ, ಹಾಗಾಗಿ ಮೊದಲ ವೇಗ, ಕೊನೆಯ ವೇಗದ ಸೂತ್ರ ಹಾಕಬಹುದು. ಮೊದಲು +20, ಕೊನೆಗೆ −20, ಸರಾಸರಿ ವೇಗ ಸೊನ್ನೆ. ಸರಿ. ಆದರೆ ಚಿಹ್ನೆ ಬಿಟ್ಟು ಜವಕ್ಕೂ ಅದೇ ಸೂತ್ರ ಹಾಕಿದರೆ 20 ಬರುತ್ತದೆ. ಅದು ತಪ್ಪು. 40 ಮೀಟರ್ ದಾರಿ, 4 ಸೆಕೆಂಡ್, ಸರಾಸರಿ ಜವ 10. ಆ ಸೂತ್ರ ವೇಗಕ್ಕೆ ಸೇರಿದ್ದು. ದಿಕ್ಕು ತಿರುಗಿದರೆ ಜವಕ್ಕೆ ಹೊಂದುವುದಿಲ್ಲ. ತಿರುಗುವ ಜಾಗದಲ್ಲಿ ಚಲನೆಯನ್ನು ಎರಡು ತುಂಡು ಮಾಡಿಕೊಳ್ಳಿ.

ಓಟದಹಾದಿ

ಈಜಿನಲ್ಲೂ ಇದೇ. 50 ಮೀಟರ್ ಕೊಳದಲ್ಲಿ 100 ಮೀಟರ್ ಸ್ಪರ್ಧೆ ಅಂದರೆ ಹೋಗಿ ಬರುವುದು. ಗೆದ್ದವರ ಸರಾಸರಿ ವೇಗವೂ ಸೊನ್ನೆ, ಕೊನೆಗೆ ಬಂದವರದ್ದೂ ಸೊನ್ನೆ. ಪದಕ ಕೊಡುವುದಕ್ಕೆ ಜವ ಬೇಕು.

ರಾತ್ರಿಓದು

ನಾನೂ ಒಂದು ಕೇಳುತ್ತೇನೆ. 60 ಕಿ.ಮೀ. ದೂರಕ್ಕೆ ಗಂಟೆಗೆ 30 ಕಿ.ಮೀ. ಜವದಲ್ಲಿ ಹೋದೆವು. ಹೋಗಿ ಬರುವ ಇಡೀ ಪ್ರಯಾಣದ ಸರಾಸರಿ ಗಂಟೆಗೆ 60 ಆಗಬೇಕು. ಎಷ್ಟು ಜವದಲ್ಲಿ ವಾಪಸ್ ಬರಬೇಕು? 90 ಅಂತ ಅನಿಸುತ್ತದೆ, ಆದರೆ 90 ಹಾಕಿದರೆ ಸರಾಸರಿ 45 ಮಾತ್ರ ಬರುತ್ತಿದೆ. 200 ಹಾಕಿದರೂ 60 ಮುಟ್ಟುತ್ತಿಲ್ಲ.

ಕಿಟಕಿಬೆಂಚು

ಇದನ್ನು ನಾನು ಮಾಡುತ್ತೇನೆ. ಒಟ್ಟು ದೂರ 120. ಸರಾಸರಿ 60 ಆಗಬೇಕಾದರೆ ಒಟ್ಟು ಸಮಯ 2 ಗಂಟೆ. ಆದರೆ ಹೋಗುವುದಕ್ಕೇ 60 ÷ 30, ಅಂದರೆ 2 ಗಂಟೆ ಆಗಿಹೋಗಿದೆ. ಬರುವುದಕ್ಕೆ ಸಮಯವೇ ಉಳಿದಿಲ್ಲ! ಎಷ್ಟೇ ಜೋರಾಗಿ ಬಂದರೂ ಆಗುವುದಿಲ್ಲ ಅಲ್ವಾ?

ಭೌತಮೇಷ್ಟ್ರು

ಶಭಾಷ್. ಸರಿಯಾಗಿ ಹಿಡಿದೆ. ಹೋಗುವಾಗಿನ ಜವದ ಎರಡರಷ್ಟನ್ನು ಇಡೀ ಪ್ರಯಾಣದ ಸರಾಸರಿ ಯಾವತ್ತೂ ಮುಟ್ಟಲಾರದು. ಹತ್ತಿರ ಹತ್ತಿರ ಹೋಗಬಹುದು, ಅಷ್ಟೇ.

ಇಂಥದ್ದೇ ಒಂದು ಒಗಟನ್ನು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ತಮ್ಮ ಗೆಳೆಯ ಐನ್‌ಸ್ಟೈನ್ ಅವರಿಗೆ ಪತ್ರದಲ್ಲಿ ಕಳಿಸಿದ್ದರು. ಹಳೆಯ ಕಾರು ಗುಡ್ಡ ಹತ್ತುವುದು ಒಂದು ಮೈಲಿ, ಇಳಿಯುವುದು ಒಂದು ಮೈಲಿ. ಹತ್ತುವಾಗ ಗಂಟೆಗೆ 15 ಮೈಲಿ, ಒಟ್ಟು ಸರಾಸರಿ 30 ಆಗಬೇಕು. ಲೆಕ್ಕ ಹಾಕಿ ನೋಡುವವರೆಗೂ ಇಳಿಯುವುದಕ್ಕೆ ಸಮಯ ಉಳಿದಿಲ್ಲ ಅನ್ನುವುದು ತಮಗೆ ಹೊಳೆಯಲಿಲ್ಲ ಅಂತ ಐನ್‌ಸ್ಟೈನ್ ಉತ್ತರ ಬರೆದರು. ಜವಗಳನ್ನು ನೋಡಿದ ಕೂಡಲೇ ಕೂಡಿ ಎರಡರಿಂದ ಭಾಗಿಸಬೇಕು ಅನಿಸುವುದು ಎಲ್ಲರಿಗೂ ಆಗುವಂಥದ್ದು. ಅದಕ್ಕೆ ಯಾರೂ ಮುಜುಗರ ಪಡಬೇಕಾಗಿಲ್ಲ.

ಗ್ರಾಫ್‌ಪ್ರಿಯ

ಇನ್ನೊಂದು ವಿಷಯ ಬಿಟ್ಟುಹೋಗುತ್ತಿತ್ತು. ಕೆಲವು ದೇಶಗಳ ಹೆದ್ದಾರಿಗಳಲ್ಲಿ ದೂರ ದೂರಕ್ಕೆ ಎರಡು ಕ್ಯಾಮೆರಾ ಇಟ್ಟು, ಕಾರು ಒಂದರಿಂದ ಇನ್ನೊಂದಕ್ಕೆ ಬಂದ ಸಮಯದಿಂದ ಸರಾಸರಿ ಜವ ತೆಗೆಯುತ್ತಾರೆ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿದರೆ ಪ್ರಯೋಜನವಿಲ್ಲ. 10 ಕಿ.ಮೀ. 5 ನಿಮಿಷದಲ್ಲಿ ದಾಟಿದರೆ ಸರಾಸರಿ ಗಂಟೆಗೆ 120. ಅಂದಮೇಲೆ ನಡುವೆ ಒಂದು ಕ್ಷಣವಾದರೂ ಸ್ಪೀಡೋಮೀಟರ್ ಮುಳ್ಳು ಸರಿಯಾಗಿ 120ನ್ನು ತೋರಿಸಿರಲೇಬೇಕು. ಪೂರ್ತಿ ಹೊತ್ತು ಅದಕ್ಕಿಂತ ಕೆಳಗೇ ಇದ್ದಿದ್ದರೆ ಸರಾಸರಿ ಅಷ್ಟಾಗುತ್ತಿರಲಿಲ್ಲ. ಕಲನಶಾಸ್ತ್ರ ಕಲಿಯುವಾಗ ಇದೇ ವಿಷಯ ಒಂದು ಪ್ರಮೇಯವಾಗಿ ಮತ್ತೆ ಸಿಗುತ್ತದೆ.

ಕಿಟಕಿಬೆಂಚು

ಎಲ್ಲರಿಗೂ ತುಂಬ ಧನ್ಯವಾದ. ಪಾಠದ ಕೊನೆಯ ಲೆಕ್ಕ ಒಂದೇ ಉಳಿದಿತ್ತು. ಒಬ್ಬರು ಪೂರ್ವಕ್ಕೆ 3 ಕಿ.ಮೀ., ಆಮೇಲೆ ಉತ್ತರಕ್ಕೆ 4 ಕಿ.ಮೀ. ನಡೆಯುತ್ತಾರೆ. ಒಟ್ಟು 2 ಗಂಟೆ, ಅದರಲ್ಲಿ 20 ನಿಮಿಷ ಕೂತು ದಣಿವಾರಿಸಿಕೊಂಡಿದ್ದಾರೆ. ನನ್ನ ಉತ್ತರ: ಸರಾಸರಿ ಜವ 7 ÷ 2 = 3.5, ಸರಾಸರಿ ವೇಗ 5 ÷ 2 = 2.5, ಎರಡೂ ಗಂಟೆಗೆ ಕಿ.ಮೀ. 20 ನಿಮಿಷವನ್ನು ಕಳೆಯಲಿಲ್ಲ. ವೇಗ ಜವಕ್ಕಿಂತ ಕಡಿಮೆ ಇದೆ, ಪರೀಕ್ಷಿಸಿದೆ. ಸರೀನಾ?

ಭೌತಮೇಷ್ಟ್ರು

ಅಂಕಿಗಳೆಲ್ಲ ಸರಿ. ವೇಗಕ್ಕೆ ದಿಕ್ಕು ಬರೆದಿಲ್ಲ. ಪೂರ್ವದಿಂದ ಉತ್ತರದ ಕಡೆಗೆ ಸುಮಾರು 53 ಡಿಗ್ರಿ ಅಂತ ಸೇರಿಸು.